ನಾಲ್ಕನೆಯ ಮುನಿನಾರಾಯಣಮ್ಮ

ಬಂಗಾರಪೇಟೆಗೆ ಬಂದು ಪಾನಿಪುರಿ ತಿನ್ನದೆ ವಾಪಸ್ಸು ಹೋಗುವ ಹೆಂಗಸರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮದುವೆಯಾದ ಹೊಸದರಲ್ಲಿ, ನಾನು ಪಾಠ ಹೇಳುವ ಸ್ಕೂಲು ಬಿಟ್ಟು ಎಳಚಸಂದ್ರದ ಬಸ್ಸಿಗೆ ಕಾಯುವ ಹೊತ್ತಿನಲ್ಲಿ, ನಾನು ತಿನ್ನುತ್ತಿದ್ದೆ. ಹೊಸ ಸೊಸೆ ಬೀದಿಯಲ್ಲಿ ನಿಂತು ಬಾಯಿ ಅಗಲಿಸುತ್ತಾಳೆಂದು ಮನೆಗೆ ಸುದ್ದಿ ಮುಟ್ಟಿದರೆ ಏನಾಗುತ್ತದೋ ಎಂಬ ಅಳುಕಿತ್ತು, ಆದರೂ ತಿನ್ನುತ್ತಿದ್ದೆ. ನಮ್ಮಲ್ಲಿ ಪಾನಿ ಹಸಿರಾಗಿರುವುದಿಲ್ಲ. ಕುಡಿಯುವ ನೀರಿನಷ್ಟೇ ತಿಳಿಯಾಗಿರುತ್ತದೆ, ಖಾರ ಗೊತ್ತಾಗುವುದು ಗಂಟಲಿಗೆ ಇಳಿದ ಮೇಲೆ. ನಾನು ತಿನ್ನುತ್ತಿದ್ದ ಗಾಡಿಯ ಮೇಲೆ ಕೆಂಪಕ್ಷರದಲ್ಲಿ ‘ಮುನಿನಾರಾಯಣಮ್ಮ ಚಾಟ್ಸ್’ ಎಂದು ಬರೆದಿತ್ತು. ಗಾಡಿಯ ಹಿಂದೆ ನಿಲ್ಲುತ್ತಿದ್ದದ್ದು ಮೊಣಕೈವರೆಗೂ ಬಳೆ ತೊಟ್ಟ, ಸದಾ ಯಾರನ್ನಾದರೂ ರೇಗಿಸುತ್ತಿದ್ದ ಒಬ್ಬ ಹೆಂಗಸು.

ಒಂದು ದಿನ ಆಕೆ ಪುರಿಗೆ ತೂತು ಮಾಡುತ್ತಾ ನನ್ನ ಮುಖವನ್ನೇ ನೋಡಿ ಕೇಳಿದಳು. “ನೀನು ನಮ್ ಮುನ್ನಾರಾಯಣಿ ಸೊಸೆ ಅಲ್ವೇನಮ್ಮ?”

ಅಲ್ಲ, ನಮ್ಮ ಅತ್ತೆಯ ಹೆಸರು ಶ್ಯಾಮಲ ಎಂದೆ. ಎಳಚಸಂದ್ರದ ರಾಮಚಂದ್ರಪ್ಪನವರ ಹೆಂಡತಿ, ಹಸು ಸಾಕಿದ್ದಾರೆ ಎಂದೂ ಸೇರಿಸಿದೆ. ಆಕೆ ಸೌಟು ಕೆಳಗಿಟ್ಟು ನಗಲು ಶುರು ಮಾಡಿದಳು. ಹಿಂದೆ ನಿಂತಿದ್ದ ಗಿರಾಕಿಗಳು ತಟ್ಟೆ ಹಿಡಿದು ಕಾಯುತ್ತಿದ್ದರೂ ನಗು ನಿಲ್ಲಲಿಲ್ಲ. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನನ್ನು ಕೇಳದೆಯೇ ಇನ್ನೊಂದು ಪ್ಲೇಟು ಹಾಕಿಕೊಟ್ಟು, ಪಕ್ಕದ ಸ್ಟೂಲು ತೋರಿಸಿ ಕೂರಿಸಿದಳು. ಆ ದಿನ ನನ್ನ ಬಸ್ಸು ತಪ್ಪಿತು. ನಮ್ಮ ಅತ್ತೆಯ ನಿಜವಾದ ಹೆಸರು ನನಗೆ ಗೊತ್ತಾದದ್ದು ಹೀಗೆ, ಪಾನಿಪುರಿ ಗಾಡಿಯ ಪಕ್ಕದಲ್ಲಿ, ಮದುವೆಯಾಗಿ ಆರು ತಿಂಗಳಾದ ಮೇಲೆ.

ಅತ್ತೆಯ ತವರು ಹುಣಸೇಕುಂಟೆ. ಆ ಊರಿನಲ್ಲಿ ಒಂದು ವರ್ಷ ಹುಟ್ಟಿದ ಕೂಸುಗಳು ಉಳಿಯಲಿಲ್ಲವಂತೆ. ಮರುವರ್ಷ ಬಸುರಿಯಾದವರೆಲ್ಲ ಹೆದರಿ ಊರ ಹೊರಗಿನ ಮುನೇಶ್ವರನಿಗೆ ಹರಕೆ ಹೊತ್ತರು. ನಾಲ್ಕು ಮನೆಗಳಲ್ಲಿ ಹೆಣ್ಣು ಹುಟ್ಟಿತು. ದೇವರ ಹೆಸರು ಮುಂದಿಟ್ಟುಕೊಂಡು ಒಂದು ಹೆಸರು ಹೇಳಪ್ಪ ಎಂದು ಪೂಜಾರಿ ಕದಿರಪ್ಪನನ್ನು ಕೇಳಿದರೆ, ಅವನು ಮೊದಲನೆಯವರಿಗೆ ಮುನಿನಾರಾಯಣಮ್ಮ ಎಂದ. ಎರಡನೆಯವರಿಗೂ ಅದನ್ನೇ ಅಂದ. ಅವನಿಗೆ ಬೇರೆ ಹೆಸರು ಹೊಳೆಯಲಿಲ್ಲವೋ, ನಾಲ್ಕು ಹೆಸರು ಕೊಟ್ಟರೆ ದೇವರಿಗೆ ಗೊಂದಲವಾದೀತು ಅಂದುಕೊಂಡನೋ, ಯಾರಿಗೂ ಗೊತ್ತಿಲ್ಲ. ನಾಲ್ಕೂ ಕೂಸುಗಳು ಉಳಿದವು. ಹಾಗಾಗಿ ಕದಿರಪ್ಪನನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ.

ಶಾಲೆಯಲ್ಲಿ ಮೇಷ್ಟ್ರು ಮುನಿನಾರಾಯಣಮ್ಮ ಎಂದು ಒಂದು ಸಲ ಕೂಗಿದರೆ ನಾಲ್ಕು ಹುಡುಗಿಯರು ಎದ್ದು ನಿಲ್ಲುತ್ತಿದ್ದರು. ಒಬ್ಬಳು ತಪ್ಪು ಮಾಡಿದರೆ ನಾಲ್ವರಿಗೂ ಏಟು. ಆದರೆ ಸಂಜೆ ಊರಿನ ನಾಲ್ಕು ಕಡೆಯಿಂದ ತಾಯಂದಿರು ಕೂಗುವಾಗ ಯಾರನ್ನು ಯಾರು ಕರೆಯುತ್ತಿದ್ದಾರೆಂಬ ಅನುಮಾನ ಒಂದು ದಿನವೂ ಬರಲಿಲ್ಲವಂತೆ. ಒಬ್ಬೊಬ್ಬ ತಾಯಿಯ ಕೂಗು ಒಂದೊಂದು ರಾಗ. ನಮ್ಮ ಅತ್ತೆಯ ಮನೆ ಕೆರೆ ಏರಿಯ ಪಕ್ಕದಲ್ಲಿತ್ತು. ಅವರ ತಾಯಿ ಏರಿಯ ಮೇಲೆ ನಿಂತು ಹೆಸರಿನ ಕೊನೆಯನ್ನು ಎಳೆದು, ಎಳೆದು, ಉಸಿರು ಮುಗಿಯುವವರೆಗೂ ಎಳೆದು ಕೂಗುತ್ತಿದ್ದರಂತೆ. ಚಾಟ್ಸ್ ಮುನಿನಾರಾಯಣಮ್ಮ ಅದನ್ನು ಬಂಗಾರಪೇಟೆಯ ಬೀದಿಯಲ್ಲೇ ಕೂಗಿ ತೋರಿಸಿದಳು. ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು, ನಾನು ನಾಚಿಕೆಯಿಂದ ತಟ್ಟೆಯಲ್ಲಿ ಮುಖ ಹುದುಗಿಸಿದೆ.

ಹೆಸರು ಒಂದೇ ಆದರೂ ಬದುಕು ನಾಲ್ಕು ದಾರಿ ಹಿಡಿಯಿತು. ಮೊದಲನೆಯವಳು ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕನನ್ನು ಮದುವೆಯಾಗಿ ಗಣಿಯವರ ಸಾಲುಮನೆಗೆ, ಅಂದರೆ ಲೈನಿಗೆ ಹೋದಳು. ಆಮೇಲೆ ಗಣಿಯ ಆಸ್ಪತ್ರೆಯಲ್ಲಿ ಆಯಾ ಆದಳು. ಗಣಿ ಮುಚ್ಚಿದ ಮೇಲೂ ಆಕೆ ಬಿಳಿ ಸೀರೆ ಬಿಡಲಿಲ್ಲ. ಅಲ್ಲಿ ಇಲ್ಲಿ ನರ್ಸಿಂಗ್ ಹೋಮುಗಳಲ್ಲಿ ಬಾಣಂತಿಯರನ್ನು ನೋಡಿಕೊಳ್ಳುತ್ತಾಳೆ. ಊರಿಗಾಂನಲ್ಲಿರುವ ನನ್ನ ತವರಿನವರಿಗೆಲ್ಲ ಆಕೆ ಆಸ್ಪತ್ರೆ ಅಕ್ಕ. ದೊಡ್ಡವರ ಜೊತೆ ಕನ್ನಡ, ತೆಲುಗು ಯಾವುದಾದರೂ ಆದೀತು, ಎಳೆ ಕೂಸುಗಳ ಜೊತೆ ಮಾತ್ರ ತಮಿಳಿನಲ್ಲೇ ಮಾತಾಡುತ್ತಾಳೆ. ಎರಡನೆಯವಳು ಬಸ್ ಕಂಡಕ್ಟರ್. ಖಾಕಿ ಕೋಟಿನ ಮೇಲೆ ಹೆಸರಿನ ಪಟ್ಟಿ ಹಾಕಿಕೊಂಡು ಕೋಲಾರ, ಮುಳಬಾಗಿಲು, ಚಿಂತಾಮಣಿ ಎಂದು ತಿರುಗಿ, ಹೋದ ವರ್ಷ ರಿಟೈರ್ ಆದಳು. ಈಗಲೂ ಮನೆಯ ಬಾಗಿಲು ಹಾಕುವಾಗ ಒಳಗೆ ಎಷ್ಟು ಜನ ಇದ್ದಾರೆ ಎಂದು ಒಮ್ಮೆ ಕಣ್ಣಾಡಿಸುತ್ತಾಳೆ ಎಂದು ಸೊಸೆಯರು ಆಡಿಕೊಳ್ಳುತ್ತಾರೆ. ಮೂರನೆಯವಳು ಚಾಟ್ಸ್. ನಾಲ್ಕನೆಯವಳು ನಮ್ಮ ಅತ್ತೆ. ಮೂವರ ಹೆಸರೂ ಎಲ್ಲೋ ಒಂದು ಕಡೆ ಬರೆದಿತ್ತು, ಯಾರೋ ಒಬ್ಬರು ದಿನಕ್ಕೊಮ್ಮೆಯಾದರೂ ಅದನ್ನು ಕೂಗುತ್ತಿದ್ದರು. ನಮ್ಮ ಅತ್ತೆಯ ಹೆಸರು ಮಾತ್ರ ಎಳಚಸಂದ್ರದ ಹೊಸಿಲಲ್ಲೇ ಉಳಿದುಬಿಟ್ಟಿತು.

ಅದು ಆದದ್ದು ಹೀಗೆ. ಅತ್ತೆಯ ಅತ್ತೆ, ಅಂದರೆ ನಮ್ಮ ಮನೆಯ ದೊಡ್ಡಜ್ಜಿಯ ಹೆಸರೂ ಮುನಿನಾರಾಯಣಮ್ಮ. ಇದು ಮದುವೆಗೆ ಮುಂಚೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಹೇಗೆ ಗೊತ್ತಾಗಬೇಕು? ದೊಡ್ಡಜ್ಜಿಯನ್ನು ಊರೆಲ್ಲ ಪಾಪಕ್ಕನ ತಾಯಿ ಎನ್ನುತ್ತಿತ್ತು. ಪಾಪಕ್ಕ ಅವರ ಮಗಳು, ನಮ್ಮ ಮಾವನ ತಂಗಿ. ಹೆಣ್ಣು ನೋಡಲು ಹೋದವರು ಹುಡುಗಿಯ ಕೈಕಾಲು ನೋಡಿದರು, ನಡಿಗೆ ನೋಡಿದರು, ರಾಗಿ ಬೀಸಲು ಬರುತ್ತದಾ ಎಂದು ಕೇಳಿದರು, ಹೆಸರು ಕೇಳಲಿಲ್ಲ. ಅಯ್ನೋರು ಕೂಟ ನೋಡಿದ್ದು ನಕ್ಷತ್ರದ ಹೆಸರಿನಲ್ಲಿ. ಪತ್ರಿಕೆ ಅಚ್ಚು ಹಾಕಿಸುವಷ್ಟು ಅನುಕೂಲ ಎರಡೂ ಕಡೆ ಇರಲಿಲ್ಲ, ಎಲೆ ಅಡಿಕೆ ಕೊಟ್ಟು ಕರೆದರು.

ಮದುವೆ ಮುಗಿಸಿ ಹೆಣ್ಣುಗಂಡು ಮನೆಗೆ ಬಂದಾಗ ಪಾಪಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದಳು. ಒಬ್ಬರ ಹೆಸರು ಒಬ್ಬರು ಹೇಳದೆ ಒಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಹೆಣ್ಣು ತಲೆ ತಗ್ಗಿಸಿ ಗಂಡನ ಹೆಸರು ಹೇಳಿತು. ಈಗ ಗಂಡಿನ ಸರದಿ. ನಮ್ಮ ಮಾವ ಗುಟ್ಟಾಗಿ ಹೆಂಡತಿಯ ಕಡೆ ಬಾಗಿ ನಿನ್ನ ಹೆಸರೇನು ಎಂದು ಕೇಳಿದರಂತೆ. ಆಕೆ ಪಿಸುಗುಟ್ಟಿದಳು. ಮಾವ ಬಾಯಿ ತೆರೆದರು, ತೆರೆದ ಬಾಯಿ ಹಾಗೇ ನಿಂತಿತು. ಆರತಿ ತಟ್ಟೆ ಹಿಡಿದು ಎದುರಿಗೇ ನಿಂತಿದ್ದಾರೆ ತಾಯಿ. ತಾಯಿಯ ಹೆಸರನ್ನು ಹೆಂಡತಿಗೆ ಅಂತ ಊರ ಮುಂದೆ ಕೂಗುವುದು ಹೇಗೆ? ಜನ ಮೊದಲು ನಾಚಿಕೆ ಎಂದುಕೊಂಡು ನಕ್ಕರು. ವಿಷಯ ಗೊತ್ತಾದ ಮೇಲೆ ಇನ್ನೂ ಜೋರಾಗಿ ನಕ್ಕರು. ದೊಡ್ಡಜ್ಜಿ ಮಾತ್ರ ನಗಲಿಲ್ಲ. ಒಂದು ಮನೆಯಲ್ಲಿ ಆ ಹೆಸರಿಗೆ ಒಬ್ಬಳೇ ಇರಬೇಕು, ಬೇರೆ ಏನಾದರೂ ಇಡಿ ಎಂದು ಆರತಿ ಎತ್ತಿ ಒಳಗೆ ಹೋದರು.

ಆಗ ಪಾಪಕ್ಕನ ಬಾಯಿಗೆ ಬಂದ ಹೆಸರು ಶ್ಯಾಮಲ. ಕೋರಮಂಡಲ್‌ನಿಂದ ಮದುವೆ ಊಟಕ್ಕೆ ಬಂದಿದ್ದ ಯಾರದೋ ಮಗಳ ಹೆಸರಂತೆ ಅದು. ಹುಡುಗಿ ಒಳ್ಳೆಯ ನೈಲಾನ್ ಸೀರೆ ಉಟ್ಟಿದ್ದಳು, ಅದಕ್ಕೇ ನೆನಪಿತ್ತು ಎಂದು ಪಾಪಕ್ಕ ನನಗೆ ತಾನೇ ಹೇಳಿದ್ದಾರೆ, ಹೆಮ್ಮೆಯಿಂದ. ಊಟ ಮಾಡಿ ಹೋದವಳ ಹೆಸರು ಮದುಮಗಳ ತಲೆಗೆ ಕಟ್ಟಿದರು. ನನಗೆ ಇದನ್ನು ಕೇಳಿದಾಗ ಮೈಯೆಲ್ಲ ಉರಿಯಿತು. ನನ್ನ ಗಂಡ ಗಿರಿಯನ್ನು ಕೇಳಿದರೆ, ಹೌದಂತೆ, ಅಮ್ಮನ ಹೆಸರು ಬೇರೆ ಇತ್ತಂತೆ ಎಂದು ಮತ್ತೆ ಮೊಬೈಲು ನೋಡತೊಡಗಿದ. ನಾನು ಗಂಡನನ್ನು ಹೆಸರು ಹಿಡಿದು ಕರೆಯುವವಳು. ಆ ಜಗಳ ಮೊದಲ ತಿಂಗಳಲ್ಲೇ ಗೆದ್ದುಕೊಂಡಿದ್ದೆ.

ಅತ್ತೆ ಮಾತ್ರ ಜಗಳವಾಡಲಿಲ್ಲ. ಶ್ಯಾಮಲ ಎಂದರೆ ಬಂದೆ ಎಂದರು. ಮಾವ ಆ ಹೆಸರನ್ನೂ ಕರೆಯಲಿಲ್ಲ. ಅವರಿಗೆ ಹೆಂಡತಿ ಎಂದರೆ ‘ಇಗೋ’. ಇಗೋ ಎಂದರೆ ನೀರು, ಇಗೋಗೋ ಎಂದರೆ ಊಟ. ರೇಷನ್ ಕಾರ್ಡಿನವರು ಬಂದಾಗಲೂ, ಓಟಿನ ಚೀಟಿಯವರು ಬಂದಾಗಲೂ, ಶ್ಯಾಮಲ ಎಂದೇ ಬರೆಸಿದರು. ಮಾವ ಗಣಿ ಕೆಲಸಕ್ಕೆ ಹೋಗುತ್ತಿದ್ದಾಗ ಅತ್ತೆ ತವರಿನಿಂದ ಹೊಡೆದುಕೊಂಡು ಬಂದ ಒಂದು ಹಸುವಿನಿಂದ ಹಾಲಿನ ವ್ಯಾಪಾರ ಶುರು ಮಾಡಿದರು. ಬೆಳಗಿನ ರೈಲಿಗೆ ಕ್ಯಾನು ಹತ್ತಿಸಿ, ಊರಿಗಾಂನಲ್ಲಿ ಇಳಿದು ಲೈನು ಲೈನು ತಿರುಗಿ, ಉಳಿದದ್ದನ್ನು ಮಾರಿಕುಪ್ಪಂವರೆಗೂ ಒಯ್ದು ಮಾರಿ ಬರುತ್ತಿದ್ದರು. ಲೈನಿನ ತಮಿಳರ ಮನೆಗಳಲ್ಲಿ ಅವರು ಪಾಲ್ಕಾರಮ್ಮ. ನಾನು ಸಣ್ಣವಳಿದ್ದಾಗ ನಮ್ಮ ಮನೆಗೆ ಹಾಲು ಹಾಕುತ್ತಿದ್ದ ಪಾಲ್ಕಾರಮ್ಮ ಇವರೇ ಇರಬಹುದೆಂದು ನನ್ನ ತಾಯಿ ಹೇಳುತ್ತಾಳೆ. ಆದರೆ ನನ್ನ ತಾಯಿ ಬೀಗರ ವಿಷಯದಲ್ಲಿ ಏನನ್ನಾದರೂ ಸೇರಿಸಿ ಹೇಳುವವಳು, ಪೂರ್ತಿ ನಂಬಲಾಗುವುದಿಲ್ಲ.

ಗಣಿ ಮುಚ್ಚಿತು. ಲೈನಿನ ಜನ ಅದೇ ರೈಲು ಹತ್ತಿ ಬೆಂಗಳೂರಿನ ಕೆಲಸಗಳಿಗೆ ಹೊರಟರು. ಮಾವ ಮನೆಗೆ ಬಂದು ಕೂತರು. ಅಷ್ಟು ಹೊತ್ತಿಗೆ ಕೊಟ್ಟಿಗೆ ತುಂಬಿತ್ತು. ಅತ್ತೆ ಅವರ ಕೈಗೆ ಒಂದು ಹಗ್ಗ ಕೊಟ್ಟು ಹಸುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಲು ತೋರಿಸಿದರಂತೆ. ಈಗ ಹಾಲೆಲ್ಲ ಊರಿನ ಡೈರಿಗೆ ಹೋಗುತ್ತದೆ. ಅಲ್ಲಿ ಅತ್ತೆ ಮಗನ ಹೆಸರಿನಿಂದ ಗಿರಿಯಮ್ಮ. ಯಾರದಾದರೂ ಹಸು ಕರು ಹಾಕಲು ಕಷ್ಟಪಟ್ಟರೆ ಡಾಕ್ಟರಿಗೆ ಫೋನು ಮಾಡಿ, ಅವರು ಬರುವ ತನಕ ಧೈರ್ಯಕ್ಕೆ ಗಿರಿಯಮ್ಮನನ್ನೂ ಕರೆಯುತ್ತಾರೆ. ಅತ್ತೆ ಹೋಗಿ ಹಸುವಿನ ಕತ್ತು ಸವರುತ್ತಾ ಕೂರುತ್ತಾರೆ. ಅದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ. ಹಸುವಿಗೂ ಮನೆಯವರಿಗೂ ಅಷ್ಟೇ ಸಾಕಾಗುತ್ತದೆ.

ಈ ಹೆಂಗಸಿನ ಮೇಲೆ ನನಗೆ ಯಾವಾಗ ಇಷ್ಟು ಪ್ರೀತಿ ಹುಟ್ಟಿತೋ ಹೇಳಲಾರೆ. ನಾನು ಸುಲಭವಾಗಿ ಮೆಚ್ಚುವವಳಲ್ಲ. ಮೊದಲ ವರ್ಷ ಅವರ ಸಾರಿನಲ್ಲಿ ಉಪ್ಪು ಕಮ್ಮಿ ಎಂದು ಹೇಳಿ ಮುಖ ಕೆಡಿಸಿಕೊಂಡಿದ್ದೇನೆ. ಆದರೆ ಹೋದ ವರ್ಷ ನಾನು ಬಾಣಂತನಕ್ಕೆ ಊರಿಗಾಂನ ತವರಿನಲ್ಲಿದ್ದಾಗ, ಅತ್ತೆ ಹಳೆಯ ಕಾಲದಂತೆ ಕ್ಯಾನು ಹಿಡಿದು ರೈಲಿನಲ್ಲಿ ಬರತೊಡಗಿದರು. ಅಂಗಡಿಯಲ್ಲಿ ಪ್ಯಾಕೆಟ್ ಹಾಲು ಸಿಗುತ್ತದೆ ಬೀಗಿತ್ತಿ ಎಂದು ನನ್ನ ತಾಯಿ ಹೇಳಿದರೆ, ಇದು ಕಪ್ಪು ಹಸುವಿನದು ಎಂದಷ್ಟೇ ಹೇಳಿ ಪಾತ್ರೆಗೆ ಸುರಿಯುತ್ತಿದ್ದರು. ಆಮೇಲೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ವಾಪಸ್ಸು ರೈಲಿನ ತನಕ ಸುಮ್ಮನೆ ಕೂತಿರುತ್ತಿದ್ದರು. ಅಂಥ ಒಂದು ದಿನ, ಅವರ ತಲೆಯ ಬಿಳಿ ಕೂದಲನ್ನೂ ಮಗುವಿನ ಬೋಳು ತಲೆಯನ್ನೂ ಒಟ್ಟಿಗೆ ನೋಡುತ್ತಾ, ನಾನು ತೀರ್ಮಾನ ಮಾಡಿದೆ. ಈ ಮಗುವಿಗೆ ಅತ್ತೆಯ ಹೆಸರು. ಶ್ಯಾಮಲ ಅಲ್ಲ, ಅವರದೇ ಹೆಸರು.

ದೊಡ್ಡಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಇನ್ನು ಅಡ್ಡಿ ಏನು ಎಂದುಕೊಂಡೆ. ಗಿರಿಗೆ ನವ್ಯ ಎಂದಿಡುವ ಆಸೆ, ಅವನ ಜೊತೆ ನಾನು ಹೋರಾಡಿ ಒಪ್ಪಿಸಿದೆ. ಬಾಣಂತನ ಮುಗಿಸಿ ಎಳಚಸಂದ್ರಕ್ಕೆ ಬಂದ ಮೇಲೆ ಅತ್ತೆಗೆ ಹೇಳಿದೆ. ಖುಷಿಪಡುತ್ತಾರೆ, ಕಣ್ಣೀರು ಹಾಕುತ್ತಾರೆ, ನಾನು ಸಮಾಧಾನ ಮಾಡಬೇಕಾಗುತ್ತದೆ ಎಂದೆಲ್ಲ ಲೆಕ್ಕ ಹಾಕಿದ್ದೆ. ಅವರು ಹುಲ್ಲು ಕತ್ತರಿಸುತ್ತಿದ್ದ ಕೈ ನಿಲ್ಲಿಸದೆ, ಆ ಹೆಸರು ಬೇಡ ಎಂದರು. ಏಕೆಂದು ಕೇಳಿದೆ. ಬೇಡ ಅಂದರೆ ಬೇಡ, ನವ್ಯನೇ ಇರಲಿ ಎಂದರು. ಗಿರಿ ಹಲ್ಲು ಕಿರಿದ.

ನಾನು ಎರಡು ದಿನ ಅತ್ತೆಯ ಜೊತೆ ಮಾತು ಬಿಟ್ಟೆ. ಬೆಳಗ್ಗೆ ಎದ್ದ ಕೂಡಲೇ ಕಾಫಿ ಕೈಗೆ ತಂದುಕೊಡುವವರ ಜೊತೆ ಮಾತು ಬಿಡುವುದು ಬಲು ಕಷ್ಟದ ಕೆಲಸ. ಹಳೇ ಕಾಲದ ಹೆಸರು ಎಂದು ನಾಚಿಕೆಯೇ? ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುವ ದೊಡ್ಡಜ್ಜಿಯ ಭಯ ಇನ್ನೂ ಹೋಗಿಲ್ಲವೇ? ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ನಾನು ಸೋಲುವ ಜಾತಿಯವಳಲ್ಲ. ನಾಮಕರಣಕ್ಕೆ ಹುಣಸೇಕುಂಟೆಯ ಮಿಕ್ಕ ಮೂವರು ಮುನಿನಾರಾಯಣಮ್ಮಂದಿರನ್ನೂ ಕರೆದೆ. ಅತ್ತೆಗೆ ಹೇಳಲಿಲ್ಲ. ಗೆಳತಿಯರು ಬಂದು ಗದರಿದರೆ ದಾರಿಗೆ ಬರುತ್ತಾರೆಂದು ನನ್ನ ಲೆಕ್ಕ.

ಮೂವರೂ ಮಧ್ಯಾಹ್ನವೇ ಬಂದಿಳಿದರು. ಬಸ್ ಮುನಿನಾರಾಯಣಮ್ಮ ಬಾಗಿಲಲ್ಲೇ ನಿಂತು, ಒಳಗಿದ್ದ ಮಕ್ಕಳನ್ನೆಲ್ಲ ಮುಂದಕ್ಕೆ ಸರಿಸಿ ಹಿರಿಯರಿಗೆ ಜಾಗ ಮಾಡಿದಳು. ಆಸ್ಪತ್ರೆ ಮುನಿನಾರಾಯಣಮ್ಮ ಕೈ ತೊಳೆದುಕೊಂಡೇ ಮಗುವನ್ನು ಮುಟ್ಟಿದಳು, ಅದರ ಹೊಕ್ಕಳು ನೋಡಿ, ಕಿವಿ ನೋಡಿ, ತಮಿಳಿನಲ್ಲಿ ಏನೇನೋ ವಿಚಾರಿಸಿದಳು. ಚಾಟ್ಸ್ ಮುನಿನಾರಾಯಣಮ್ಮ ದೊಡ್ಡ ಚೀಲದ ತುಂಬ ಪುರಿ ತಂದಿದ್ದಳು. ಅತ್ತೆ ಅವರನ್ನು ನೋಡಿ ಮೊದಲು ನಂಬಲಿಲ್ಲ, ಆಮೇಲೆ ಮೂವರನ್ನೂ ಒಟ್ಟಿಗೆ ತಬ್ಬಿಕೊಂಡರು. ನಾಲ್ವರೂ ಒಬ್ಬರನ್ನೊಬ್ಬರು ಲೇ ಎನ್ನುತ್ತಾ, ಬೈಯುತ್ತಾ, ಅಡುಗೆಮನೆಯ ಮುಂದೆ ಕಾಲು ಚಾಚಿ ಕೂತರು. ನಮ್ಮ ಅತ್ತೆ ಲೇ ಎನ್ನುವುದನ್ನು ನಾನು ಕೇಳಿದ್ದು ಅದೇ ಮೊದಲು.

ಮಗುವಿನ ಹೆಸರಿನ ವಿಷಯ ನಾನೇ ಎತ್ತಿದೆ. ಇವಳಿಗೆ ನಿಮ್ಮ ಹೆಸರಿಡಬೇಕೆಂದು ನನಗೆ ಆಸೆ, ಎಂದೆ. ಮೂವರಿಗೂ ಹಿಗ್ಗೋ ಹಿಗ್ಗು. ನನ್ನ ಹೆಸರೇ ಎಂದು ಒಬ್ಬಳು, ಆಸ್ಪತ್ರೆ ಕೆಲಸ ಸೇರಲಿ ಎಂದು ಇನ್ನೊಬ್ಬಳು, ಬಾಯಿ ಜೋರಿದೆ ಕಂಡಕ್ಟರೇ ಆಗುತ್ತಾಳೆ ಎಂದು ಮತ್ತೊಬ್ಬಳು. ಮಗುವನ್ನು ಹಂಚಿಕೊಂಡೇಬಿಟ್ಟರು. ಆದರೆ ಇವರು ಒಪ್ಪುತ್ತಿಲ್ಲ ಎಂದು ನಾನು ಅತ್ತೆಯ ಕಡೆ ಕೈ ತೋರಿಸಿದೆ. ಮೂವರೂ ಅತ್ತೆಯ ಮೇಲೆ ಬಿದ್ದರು. ಅಷ್ಟು ಹೊತ್ತಿಗೆ ನೆಂಟರೂ ಸೇರಿದ್ದರು. ತೊಟ್ಟಿಲಿನ ಪಕ್ಕದಲ್ಲಿ ಪಾಪಕ್ಕ ಕೂತಿದ್ದರು. ಗಿರಿಗೆ ಅಕ್ಕತಂಗಿಯರಿಲ್ಲದ್ದರಿಂದ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಯ ಸ್ಥಾನ ಅವರದು. ಮಾವ ಕಂಬಕ್ಕೆ ಒರಗಿ ಕೂತಿದ್ದರು.

ಅತ್ತೆ ಯಾರನ್ನೂ ನೋಡದೆ, ಮೆಲ್ಲಗೆ ಹೇಳಿದರು.

“ಇಡಬೋದು ಕಣ್ರೇ. ಕಿವೀಲಿ ಮೂರ್ ಸಲಿ ಏಳ್ತೀರ, ಬೆಲ್ಲ ತಿಂತೀರ, ಓಯ್ತೀರ. ನಾಳೆ ಬೆಳಗ್ಗೆ ಈ ಮಗೂನ ಯಾರ್ ಕೂಗ್ತಾರೆ? ನಮ್ ಸೊಸೆ ಸುಕನ್ಯ ಕೂಗ್ತಾಳಾ? ಅತ್ತೆ ಎಸರು ಅಂತ ಪಾಪು ಅಂತಾಳೆ, ಅಮ್ಮಣ್ಣಿ ಅಂತಾಳೆ. ಈಗ್ಲೂ ನೋಡಿ, ನಿಮ್ಮೆಸರು ಅಂದ್ಲು, ಎಸರು ಏಳ್ಲಿಲ್ಲ. ಗಿರಿ ಅವ್ರವ್ವನ ಎಸರು ಕೂಗ್ತಾನಾ? ಅವ್ರಪ್ಪನ ಬಾಯಲ್ಲೇ ಬರ್ಲಿಲ್ಲ. ಇಟ್ಟು ಮುಚ್ಚಿ ಮಡಗೋಕೆ ಎಸರ್ಯಾಕೆ? ನಂಗಾಗಿದ್ದು ಸಾಕು. ಈ ಮಗೂಗೆ ಕೂಗೋ ಎಸರು ಇಡಿ.”

ಅಷ್ಟು ಹೇಳಿ ಎದ್ದರು. ಹಾಲು ಕರೆಯುವ ಹೊತ್ತಾಗಿತ್ತು. ಡೈರಿಯವರು ಯಾರ ಮನೆಯ ನಾಮಕರಣಕ್ಕೂ ಕಾಯುವುದಿಲ್ಲ. ಬಕೆಟ್ಟು ತೆಗೆದುಕೊಂಡು ಹಿತ್ತಿಲ ಬಾಗಿಲಿನಿಂದ ಕೊಟ್ಟಿಗೆಗೆ ಹೋದರು.

ಮಾವ ನೆಲ ನೋಡುತ್ತಿದ್ದರು. ಪಾಪಕ್ಕನ ಮುಖ ಸಣ್ಣದಾಗಿತ್ತು. ನನಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು, ಏಕೆಂದರೆ ಅತ್ತೆ ಹೇಳಿದ್ದು ಪೂರ್ತಿ ನಿಜ. ನಾಲ್ಕು ವರ್ಷದಿಂದ ನನಗೆ ಅವರ ಹೆಸರು ಗೊತ್ತು, ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಗಂಡನನ್ನು ಗಿರಿ ಎಂದು ಕೂಗಿ ದೊಡ್ಡ ಸುಧಾರಣೆ ಮಾಡಿದೆ ಎಂದು ಬೀಗುತ್ತಿದ್ದವಳು ನಾನು. ಹುಟ್ಟಿದಾಗಿನಿಂದ ಈ ಮಗುವನ್ನು ಪಾಪು ಎಂದೇ ಕರೆಯುತ್ತಿದ್ದೆ. ಹೆಸರಿಟ್ಟ ಮೇಲೂ ಪಾಪು ಎಂದೇ ಕರೆಯುತ್ತಿದ್ದೆನೇನೋ. ಅತ್ತೆಯ ಹೆಸರಿಟ್ಟೆ ಎಂಬ ಹೆಸರು ನನಗೆ ಬರುತ್ತಿತ್ತು ಅಷ್ಟೆ.

ಪಾಪಕ್ಕ ಗಂಟಲು ಸರಿ ಮಾಡಿಕೊಂಡು, ಹೊತ್ತು ಮುಳುಗುತ್ತಾ ಬಂತು, ಹಾಗಾದರೆ ನವ್ಯ ಎಂದೇ ಇಟ್ಟುಬಿಡೋಣ ಎಂದರು. ಮಗುವಿನ ಕಿವಿಯ ಕಡೆ ಬಾಗಿದರು.

ಸ್ವಲ್ಪ ಇರಿ ಎಂದೆ. ತೊಟ್ಟಿಲಿನ ಹತ್ತಿರ ಹೋಗಿ ನಿಂತೆ. ಕೂಗೋಣ ಎಂದು ಬಾಯಿ ತೆರೆದೆ. ಮಾವನ ಬಾಯಿ ಅಂದು ಹೊಸಿಲಿನಲ್ಲಿ ಹೇಗೆ ನಿಂತಿತ್ತೋ ನನ್ನದೂ ಹಾಗೇ ನಿಂತಿತು. ನಾನು ಟೀಚರು. ದಿನಾ ಬೆಳಗ್ಗೆ ಮಕ್ಕಳ ಹೆಸರು ಕೂಗುವುದೇ ನನ್ನ ಕೆಲಸ, ನನ್ನ ದನಿ ಆಟದ ಮೈದಾನದವರೆಗೂ ಹೋಗುತ್ತದೆ. ಆದರೆ ಎದುರಿಗೆ ಊರಿನ ಹಿರಿಯರು, ಗೋಡೆಯ ಮೇಲೆ ದೊಡ್ಡಜ್ಜಿ, ಹಿತ್ತಿಲಿನಲ್ಲಿ ಅತ್ತೆ. ಹೆಸರು ಬಂತು, ಉಸಿರಿನಷ್ಟು ಸಣ್ಣದಾಗಿ ಬಂತು. ಮಗುವಿಗೂ ಕೇಳಿಸಿರಲಿಕ್ಕಿಲ್ಲ.

ಬಸ್ ಮುನಿನಾರಾಯಣಮ್ಮ ಹಿಂದಿನಿಂದ ಹೇಳಿದಳು. “ಇಂಗ್ ಕೂಗಿದ್ರೆ ಇಂದಿನ ಸೀಟ್ನೋರು ಇಳಿಯೋ ಸ್ಟಾಪ್ ದಾಟೋಯ್ತಾರೆ ಕಣಮ್ಮ. ವಸಿ ಬಾಯ್ಬಿಡು.”

ಯಾರೋ ನಕ್ಕರು. ನನಗೂ ನಗು ಬಂತು, ನಗುವಿನ ಜೊತೆ ಗಂಟಲು ಬಿಟ್ಟುಕೊಂಡಿತು. ಪಾನಿಪುರಿ ಗಾಡಿಯ ಪಕ್ಕದಲ್ಲಿ ಕೇಳಿದ್ದ ಆ ಕೂಗು ನೆನಪಾಯಿತು. ಕೆರೆ ಏರಿಯ ಮೇಲೆ ನಿಂತವರ ಕೂಗು. ತೊಟ್ಟಿಲಿನ ಹಗ್ಗ ಹಿಡಿದುಕೊಂಡು, ಕಣ್ಣು ಮುಚ್ಚಿ, ಕೊನೆಯನ್ನು ಉಸಿರು ಮುಗಿಯುವವರೆಗೂ ಎಳೆದು ಕೂಗಿದೆ.

“ಮುನ್ನಾರಾಯಣೀ…”

ಆ ಹೆಸರಿನವರು ಮೂವರು ಅಲ್ಲೇ ಕೂತಿದ್ದರು. ಹುಟ್ಟಿದಾಗಿನಿಂದ ಆ ಹೆಸರಿಗೆ ಓಗೊಟ್ಟವರು. ಆಸ್ಪತ್ರೆಯವಳು ಸೆರಗು ಬಾಯಿಗೆ ಒತ್ತಿಕೊಂಡಳು. ಬಸ್ಸಿನವಳು ತುಟಿ ಬಿಗಿಹಿಡಿದಳು. ಚಾಟ್ಸ್‌ನವಳು ಪಕ್ಕದವಳ ಕೈ ಅದುಮಿದಳು. ಮೂವರೂ ತುಟಿ ಎರಡು ಮಾಡಲಿಲ್ಲ.

ಕೊಟ್ಟಿಗೆಯಿಂದ ದನಿ ಬಂತು.

“ಆ… ಬಂದೇ ಕಣಮ್ಮಾ.”

ಅದು ನನಗೆ ಗೊತ್ತಿದ್ದ ಅತ್ತೆಯ ದನಿಯಲ್ಲ. ಆಟ ಅರ್ಧಕ್ಕೆ ಬಿಟ್ಟು ಓಡಿ ಬರುವ ಸಣ್ಣ ಹುಡುಗಿಯ ದನಿ. ಹಿಂದೆಯೇ ಬಕೆಟ್ಟು ಕಲ್ಲಿಗೆ ತಾಗಿದ ಸದ್ದು, ಬೇಗ ಬೇಗ ಹೆಜ್ಜೆ. ಅತ್ತೆ ಹಿತ್ತಿಲ ಬಾಗಿಲಿಗೆ ಬಂದು ನಿಂತರು. ಕೈಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ನಮ್ಮೆಲ್ಲರನ್ನೂ ನೋಡಿದರು, ತೊಟ್ಟಿಲು ನೋಡಿದರು, ನನ್ನನ್ನು ನೋಡಿದರು. ಯಾರು ಕೂಗಿದ್ದು, ತಾನು ಯಾರಿಗೆ ಓಗೊಟ್ಟೆ ಎಂಬುದು ಆಗ ಅವರಿಗೆ ತಿಳಿಯಿತು. ಚಾಟ್ಸ್‌ನವಳು ಬಿಕ್ಕಿದಳು. ಮಾವ ಎದ್ದು ನಿಂತಿದ್ದರು, ಯಾಕೆ ಎದ್ದರೆಂದು ಅವರಿಗೂ ಗೊತ್ತಿರಲಿಲ್ಲ.

ನನಗೆ ಭಯವಾಯಿತು. ತಪ್ಪಾಯ್ತು ಅತ್ತೆ ಎನ್ನಬೇಕೋ, ಸುಮ್ಮನಿರಬೇಕೋ ತಿಳಿಯದೆ ಹಗ್ಗ ಹಿಡಿದೇ ನಿಂತಿದ್ದೆ.

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಬಂದರು. ತೊಟ್ಟಿಲಿನ ಆ ಕಡೆ ನಿಂತರು.

“ಇನ್ನೊಂದ್ ಸಲಿ ಕೂಗು,” ಎಂದರು.

ಕೂಗಿದೆ. ಅತ್ತೆ ಓಗೊಡಲಿಲ್ಲ. ಬಾಗಿ, ಹಾಲಿನ ವಾಸನೆಯ ಬೆರಳಿನಿಂದ ಮಗುವಿನ ಗಲ್ಲ ಮುಟ್ಟಿದರು.

“ನಿನ್ನೇ ಕಣೇ ಕೂಗ್ತಿರೋದು. ಆ ಅನ್ನು.”